ಮುನ್ನೂರು ಕೋಟಿ ಅಕ್ಷರಗಳ ಚಿಂದಿ ಓಲೆ

ಡಿಎನ್‌ಎ ಓದುವ ಯಂತ್ರಗಳು ಅಗ್ಗವಾದವು. ಓದಿದ್ದನ್ನು ಜೋಡಿಸಿ ಅರ್ಥ ಹೇಳುವ ಕೆಲಸ ಮಾತ್ರ ಇಂದಿಗೂ ಕಂಪ್ಯೂಟರುಗಳ ಬೆವರಿಳಿಸುತ್ತಿದೆ.

ಹೈಸ್ಕೂಲಿನಲ್ಲಿ ಛಂದಸ್ಸು ಕಲಿತವರಿಗೆ ಒಂದು ವಿಚಿತ್ರ ಸಾಲು ಬಾಯಿಪಾಠವಾಗಿರುತ್ತದೆ: ಯಮಾತಾರಾಜಭಾನಸಲಗಂ. ಅರ್ಥ ಹುಡುಕಿದರೆ ಏನೂ ಸಿಗದು. ಎಂಟು ಅಕ್ಷರಗಣಗಳನ್ನು ನೆನಪಿಡಲು ಹಿಂದಿನವರು ಹೊಸೆದ ಸೂತ್ರ ಅದು. ಮೊದಲ ಮೂರಕ್ಷರ ‘ಯಮಾತಾ’, ಲಘು, ಗುರು, ಗುರು, ಅದು ಯಗಣ. ಒಂದಕ್ಷರ ಮುಂದೆ ಜರುಗಿದರೆ ‘ಮಾತಾರಾ’, ಮೂರೂ ಗುರು, ಮಗಣ. ಹೀಗೆ ಜಾರುತ್ತಾ ಹೋದರೆ ಕೊನೆಯ ‘ಸಲಗಂ’ ತಲುಪುವಷ್ಟರಲ್ಲಿ ಎಂಟೂ ಗಣ ಬಂದು ಹೋಗಿರುತ್ತವೆ. ಗಣಕ್ಕೆ ಮೂರರಂತೆ 24 ಅಕ್ಷರ ಬೇಕಾಗಿದ್ದ ಕಡೆ ಹತ್ತರಲ್ಲೇ ಕೆಲಸ ಮುಗಿಯಿತು. ನಮ್ಮ ಕನ್ನಡ ಮೇಷ್ಟ್ರು ಇದನ್ನು ಬೋರ್ಡಿನ ಮೇಲೆ ಬರೆದು ಬೆತ್ತದ ತುದಿಯನ್ನು ಒಂದೊಂದೇ ಅಕ್ಷರ ಸರಿಸುತ್ತಿದ್ದರು. ಆ ಸರಿಸಾಟವೇ ಮನುಷ್ಯನ ಜೀನೋಮ್ ಜೋಡಿಸುವ ತಂತ್ರಾಂಶಗಳ ಒಳಗಿನ ಗಣಿತ ಎಂದು ಆಗ ಯಾರಾದರೂ ಹೇಳಿದ್ದರೆ, ಬೆತ್ತಕ್ಕೆ ಬೇರೆ ಕೆಲಸ ಸಿಗುತ್ತಿತ್ತು.

ಜೀನೋಮ್ ಎಂದರೆ ಒಂದು ಜೀವಿಯ ಇಡೀ ಡಿಎನ್‌ಎ ಪಠ್ಯ. ಮನುಷ್ಯನದು ಎ, ಸಿ, ಜಿ, ಟಿ ಎಂಬ ನಾಲ್ಕೇ ಅಕ್ಷರಗಳಲ್ಲಿ ಬರೆದ ಸುಮಾರು 300 ಕೋಟಿ ಅಕ್ಷರಗಳ ಪಠ್ಯ. ಅಪ್ಪನ ಕಡೆಯದೊಂದು, ಅಮ್ಮನ ಕಡೆಯದೊಂದು, ಹೀಗೆ ಬಹುಪಾಲು ಜೀವಕೋಶಗಳಲ್ಲಿ ಅದರ ಎರಡು ಪ್ರತಿಗಳಿವೆ. ಇದನ್ನು ‘ಓದಲಾಗಿದೆ’ ಎಂದು ಪತ್ರಿಕೆಗಳಲ್ಲಿ ನಾವು ಸಲೀಸಾಗಿ ಬರೆದುಬಿಡುತ್ತೇವೆ. ಆದರೆ ಒಂದು ವರ್ಣತಂತುವನ್ನು ಈ ತುದಿಯಿಂದ ಆ ತುದಿಯವರೆಗೆ ಒಂದೇ ಉಸಿರಿನಲ್ಲಿ ಓದುವ ಯಂತ್ರ ಇನ್ನೂ ಹುಟ್ಟಿಲ್ಲ. ಇರುವ ಯಂತ್ರಗಳು ಡಿಎನ್‌ಎಯನ್ನು ಚಿಂದಿ ಮಾಡಿ, ಚಿಂದಿಯ ತುಣುಕುಗಳನ್ನು ಓದಿ, ಆ ರಾಶಿಯನ್ನು ಕಂಪ್ಯೂಟರಿನ ಬಾಗಿಲಲ್ಲಿ ಸುರಿದು ಹೋಗುತ್ತವೆ. ಪ್ರಯೋಗಾಲಯದವರು ಇಂಥ ಒಂದೊಂದು ತುಣುಕನ್ನು ‘ರೀಡ್’ ಎನ್ನುತ್ತಾರೆ. ಇಂದು ಹೆಚ್ಚು ಬಳಕೆಯಲ್ಲಿರುವ ಇಲ್ಯೂಮಿನಾ ಯಂತ್ರದ ಒಂದು ರೀಡ್ ಎಂದರೆ 150 ಅಕ್ಷರದ ಆಸುಪಾಸು.

ಲೆಕ್ಕ ಹಾಕಿ ನೋಡಿ. ತಪ್ಪು ಓದು ಎಲ್ಲಿ, ನಿಜವಾದ ವ್ಯತ್ಯಾಸ ಎಲ್ಲಿ ಎಂದು ಗೊತ್ತಾಗಬೇಕಾದರೆ ಪ್ರತಿ ಅಕ್ಷರವನ್ನೂ ಸರಾಸರಿ 30 ಸಲವಾದರೂ ಓದಬೇಕೆಂಬುದು ವಾಡಿಕೆ. ಹಾಗಾದರೆ ಒಬ್ಬ ಮನುಷ್ಯನಿಗೆ 9,000 ಕೋಟಿ ಅಕ್ಷರ, ಅಂದರೆ 60 ಕೋಟಿ ತುಣುಕು. ಯಾವ ತುಣುಕಿನ ಬಾಲ ಯಾವುದರ ತಲೆಗೆ ಹೊಂದುತ್ತದೆ ಎಂದು ಎಲ್ಲವನ್ನೂ ಎಲ್ಲದರ ಪಕ್ಕ ಇಟ್ಟು ನೋಡಹೊರಟರೆ ಹೋಲಿಕೆಗಳ ಸಂಖ್ಯೆ 18ರ ಮುಂದೆ 16 ಸೊನ್ನೆ. ಸೆಕೆಂಡಿಗೆ ಒಂದು ಕೋಟಿ ಹೋಲಿಕೆ ಮಾಡುವ ಕಂಪ್ಯೂಟರಿಗೂ ಸುಮಾರು 570 ವರ್ಷ ಬೇಕು. ಕೃಷ್ಣದೇವರಾಯನ ಕಾಲಕ್ಕೂ ಮೊದಲೇ ಶುರು ಮಾಡಿದ್ದರೆ ಈಚೆಗೆ ಮುಗಿಯುತ್ತಿತ್ತು.

ಈ ಗಡಿಬಿಡಿಯ ಅತಿ ನಾಟಕೀಯ ಗಳಿಗೆ 2000ದ ಬೇಸಿಗೆಯಲ್ಲಿ ಬಂತು. 1990ರಲ್ಲಿ ಶುರುವಾಗಿದ್ದ ಸರ್ಕಾರಿ ಮಾನವ ಜೀನೋಮ್ ಯೋಜನೆ ಒಂದು ಕಡೆ, ಕ್ರೇಗ್ ವೆಂಟರ್ ಅವರ ಸೆಲೆರಾ ಎಂಬ ಖಾಸಗಿ ಕಂಪನಿ ಇನ್ನೊಂದು ಕಡೆ. ಜೂನ್ 26ಕ್ಕೆ ಅಮೆರಿಕದ ಶ್ವೇತಭವನದಲ್ಲಿ ಘೋಷಣೆ ಎಂದು ದಿನ ಗೊತ್ತಾಗಿತ್ತು. ಸೆಲೆರಾ ಬಳಿ ಜೀನ್ ಮೈಯರ್ಸ್ ರೂಪಿಸಿದ ಜೋಡಣೆಯ ತಂತ್ರಾಂಶವಿತ್ತು, ದೊಡ್ಡ ಕಂಪ್ಯೂಟರುಗಳಿದ್ದವು. ಸರ್ಕಾರಿ ಯೋಜನೆಯವರ ಬಳಿ ಸುಮಾರು 4 ಲಕ್ಷ ತುಣುಕುಗಳಿದ್ದವು, ಜೋಡಿಸುವವರು ಇರಲಿಲ್ಲ. ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಹೌಸ್ಲರ್ ಅವರ ಬಳಗದಲ್ಲಿದ್ದ ಜಿಮ್ ಕೆಂಟ್ ಎಂಬ ವಿದ್ಯಾರ್ಥಿ ‘ನಾನು ಮಾಡುತ್ತೇನೆ’ ಎಂದರು. ವಿದ್ಯಾರ್ಥಿ ಎಂದರೆ ಹುಡುಗನಲ್ಲ. ವಯಸ್ಸು 40, ಮೊದಲು ಅನಿಮೇಷನ್ ತಂತ್ರಾಂಶ ಬರೆದು ಹೆಸರು ಮಾಡಿದವರು. ನೂರು ಪೆಂಟಿಯಂ ಕಂಪ್ಯೂಟರುಗಳನ್ನು ಒಂದಕ್ಕೊಂದು ಪೋಣಿಸಿಕೊಂಡು ಸುಮಾರು ನಾಲ್ಕು ವಾರ ಹಗಲುರಾತ್ರಿ ಕೋಡ್ ಬರೆದರು. ಮಣಿಕಟ್ಟು ಊದಿಕೊಂಡಾಗ ಮಂಜುಗಡ್ಡೆ ಇಟ್ಟುಕೊಂಡು ಮತ್ತೆ ಕೀಲಿಮಣೆಗೆ ಕೂರುತ್ತಿದ್ದರು. ಜೂನ್ 22ರಂದು ಅವರ ‘ಗಿಗ್‌ಅಸೆಂಬ್ಲರ್’ ಮೊದಲ ಜೋಡಣೆಯನ್ನು ಮುಗಿಸಿತು. ಜುಲೈ 7ಕ್ಕೆ ಅದು ಅಂತರ್ಜಾಲದಲ್ಲಿ ಎಲ್ಲರಿಗೂ ಪುಕ್ಕಟೆಯಾಗಿ ಸಿಕ್ಕಿತು. ಜೂನ್ 26ರ ಫೋಟೋದಲ್ಲಿ ನಿಂತವರು ಅಧ್ಯಕ್ಷ ಕ್ಲಿಂಟನ್, ವೆಂಟರ್, ಸರ್ಕಾರಿ ಯೋಜನೆಯ ಮುಖ್ಯಸ್ಥ ಫ್ರಾನ್ಸಿಸ್ ಕಾಲಿನ್ಸ್. ಕೆಂಟ್ ಅವರ ಕೋಡ್ ಇಲ್ಲದಿದ್ದರೆ ಸರ್ಕಾರಿ ಪಕ್ಷದವರ ಕೈಯಲ್ಲಿ ಅವತ್ತು ಚಿಂದಿಯ ಗಂಟಷ್ಟೇ ಇರುತ್ತಿತ್ತು.

ಎಂಟು ಗಣ, ಏಳು ಸೇತುವೆ

ಜೋಡಣೆಗೆ ಹಳೆಯ ದಾರಿ ಅಂತ್ಯಾಕ್ಷರಿಯದು. ಒಂದು ತುಣುಕಿನ ಕೊನೆ ಇನ್ನೊಂದರ ಮೊದಲಿಗೆ ಹೊಂದಿದರೆ ಅವೆರಡರ ನಡುವೆ ಗೆರೆ ಎಳೆ. ಆಮೇಲೆ ಎಲ್ಲ ತುಣುಕನ್ನೂ ಒಂದೊಂದೇ ಸಲ ಮುಟ್ಟಿಬರುವ ದಾರಿ ಹುಡುಕು. ಕೇಳಲು ಸರಳ. ಗಣಿತದಲ್ಲಿ ಇದು ಬಲು ಕೆಟ್ಟ ಸಮಸ್ಯೆ. ತುಣುಕು ಹೆಚ್ಚಿದಂತೆ ಸಾಧ್ಯತೆಗಳು ಎಷ್ಟು ವೇಗದಲ್ಲಿ ಉಕ್ಕುತ್ತವೆ ಎಂದರೆ ಯಾವ ಸೂಪರ್‌ಕಂಪ್ಯೂಟರೂ ಕೈಚೆಲ್ಲಬೇಕು.

2001ರಲ್ಲಿ ಪಾವೆಲ್ ಪೆವ್ಜ್‌ನರ್ ಮತ್ತು ಸಂಗಡಿಗರು ಪ್ರಶ್ನೆಯನ್ನೇ ತಿರುಗಿಸಿ ಇಟ್ಟರು. ತುಣುಕುಗಳನ್ನು ಇನ್ನೂ ಚಿಕ್ಕದಾಗಿ, ಉದಾಹರಣೆಗೆ 31 ಅಕ್ಷರದ ಚೂರುಗಳಾಗಿ ಕತ್ತರಿಸಿ. ಬೆತ್ತದ ತುದಿ ಸರಿಸಿದಂತೆ ಒಂದೊಂದೇ ಅಕ್ಷರ ಜಾರುತ್ತಾ. ಚೂರನ್ನು ಊರು ಎಂದುಕೊಳ್ಳಬೇಡಿ, ದಾರಿ ಎಂದುಕೊಳ್ಳಿ. ಈಗ ಊರುಗಳನ್ನೆಲ್ಲ ಮುಟ್ಟುವ ಗೋಜಿಲ್ಲ, ದಾರಿಗಳನ್ನೆಲ್ಲ ಒಂದೊಂದು ಸಲ ನಡೆದು ಮುಗಿಸಿದರೆ ಸಾಕು. ಈ ಎರಡನೆಯ ಪ್ರಶ್ನೆಗೆ ಉತ್ತರ 1736ರಲ್ಲೇ ಸಿಕ್ಕಿತ್ತು. ಕೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳನ್ನು ಒಂದೊಂದೇ ಸಲ ದಾಟಿ ಬರಬಹುದೇ ಎಂಬ ಒಗಟನ್ನು ಬಿಡಿಸುತ್ತ ಆಯ್ಲರ್ ಅದರ ನಿಯಮ ಹೇಳಿದ್ದರು. ಕಂಪ್ಯೂಟರಿಗೆ ಇದು ಚಿಟಿಕೆ ಹೊಡೆಯುವಷ್ಟು ಹಗುರ.

ಈ ದಾರಿಗಳ ಜಾಲಕ್ಕೆ ಡಿ ಬ್ರಾಯ್ನ್ ನಕ್ಷೆ ಎಂದು ಹೆಸರು. 1946ರಲ್ಲಿ ಇದರ ಬಗ್ಗೆ ಬರೆದ ಡಚ್ ಗಣಿತಜ್ಞನ ನೆನಪಿಗೆ. ಅಕ್ಷರ ನಾಲ್ಕರ ಬದಲು ಎರಡೇ ಇದ್ದು, ಅಂದರೆ ಬರೀ ಲಘು ಮತ್ತು ಗುರು, ಚೂರಿನ ಉದ್ದ 31ರ ಬದಲು ಮೂರೇ ಆದರೆ ಏನು ಸಿಗುತ್ತದೆ? ಎಂಟು ದಾರಿ. ಅವನ್ನು ಒಂದೊಂದೇ ಸಲ ನಡೆದು ಮುಗಿಸಿದರೆ ಸಿಗುವುದು ಯಮಾತಾರಾಜಭಾನಸಲಗಂ. ಛಂದಸ್ಸಿನ ಪಂಡಿತರು ಜೀನೋಮನ್ನು ಬಲ್ಲವರಾಗಿದ್ದರು ಎಂದು ಎದೆ ತಟ್ಟಿಕೊಳ್ಳುವ ಚಾಳಿ ನನಗಿಲ್ಲ. ಅವರಿಗೆ ಬೇಕಾಗಿದ್ದುದು ನೆನಪಿಗೆ ಒಂದು ಗೂಟ. ಆದರೆ ಒಂದರ ಬಾಲ ಇನ್ನೊಂದರ ತಲೆಯಾಗುವ ಸೂಕ್ಷ್ಮ ಎರಡೂ ಕಡೆ ಅದೇ.

ತೊಡಕು ಇಲ್ಲಿಂದ ಶುರು. ಯಂತ್ರ ಒಂದಕ್ಷರ ತಪ್ಪು ಓದಿದರೆ ಅದು ಒಂದು ತಪ್ಪಾಗಿ ಉಳಿಯುವುದಿಲ್ಲ. ಆ ಅಕ್ಷರದ ಮೇಲೆ ಹಾದುಹೋಗುವ 31 ಚೂರುಗಳೂ ಸುಳ್ಳಾಗುತ್ತವೆ, ನಕ್ಷೆಯಲ್ಲಿ 31 ಸುಳ್ಳು ದಾರಿ ಮೂಡುತ್ತವೆ. ಸಾವಿರಕ್ಕೊಂದು ತಪ್ಪಿನಂತೆ 9,000 ಕೋಟಿ ಅಕ್ಷರಕ್ಕೆ 9 ಕೋಟಿ ತಪ್ಪು. ಎಲ್ಲವನ್ನೂ ಕಂಪ್ಯೂಟರ್ ತನ್ನ ಮೆಮೊರಿಯಲ್ಲಿ ಇಟ್ಟುಕೊಂಡೇ ಕೆಲಸ ಮಾಡಬೇಕು. 2010ರ ಸುಮಾರಿಗೆ ಮನುಷ್ಯನ ಜೀನೋಮನ್ನು ಹೀಗೆ ಜೋಡಿಸಲು ನೂರಾರು ಜಿಬಿ ರ‍್ಯಾಮ್ ಇರುವ ಯಂತ್ರಗಳೇ ಬೇಕಾಗಿದ್ದವು. 2012ರಲ್ಲಿ ಫ್ರಾನ್ಸಿನ ರಾಯನ್ ಚಿಕಿ ಮತ್ತು ಗಿಯೋಮ್ ರಿಜ್ಕ್ ಅದೇ ಕೆಲಸವನ್ನು 5.7 ಜಿಬಿಯಲ್ಲಿ ಮಾಡಿ ತೋರಿಸಿದರು. ಚೂರುಗಳನ್ನು ಪಟ್ಟಿ ಮಾಡಿಡುವ ಬದಲು ‘ಇದು ಇದೆಯೇ?’ ಎಂದು ಕೇಳಿದರೆ ‘ಇಲ್ಲ’ ಅಥವಾ ‘ಇರಬಹುದು’ ಎಂದಷ್ಟೇ ಹೇಳುವ, ಅತಿ ಕಡಿಮೆ ಜಾಗ ಹಿಡಿಯುವ ಬ್ಲೂಮ್ ಫಿಲ್ಟರ್ ಎಂಬ ಉಪಾಯವನ್ನು ಅವರು ಬಳಸಿದರು. ‘ಇರಬಹುದು’ಗಳಲ್ಲಿ ನಿಜಕ್ಕೂ ಮುಳುವಾಗುವ ಸುಳ್ಳುಗಳನ್ನು ಮಾತ್ರ ಪ್ರತ್ಯೇಕ ಬರೆದಿಟ್ಟರು. ಯಂತ್ರ ದೊಡ್ಡದು ಮಾಡುವುದಕ್ಕಿಂತ ಯೋಚನೆ ಸಣ್ಣದು ಮಾಡುವುದು ಲೇಸು ಎಂದು ಈ ಕ್ಷೇತ್ರ ಮತ್ತೆ ಮತ್ತೆ ಕಂಡುಕೊಂಡಿದೆ.

ಅಂಕಿತದ ಚೂರು

ತಪ್ಪು ಓದನ್ನಾದರೂ ತಿದ್ದಬಹುದು. ಪುನರಾವರ್ತನೆಯೇ ದೊಡ್ಡ ಶತ್ರು.

ಬಸವಣ್ಣನವರ ವಚನಗಳ ಹಳೆಯ ಓಲೆಕಟ್ಟೊಂದು ಗೆದ್ದಲು ತಿಂದು ಚೂರಾಗಿದೆ ಎಂದುಕೊಳ್ಳಿ. ಒಂದು ಚೂರು ಕೈಗೆ ಬಂತು. ಅದರಲ್ಲಿರುವುದು ‘ಕೂಡಲಸಂಗಮದೇವಾ’ ಎಂದಷ್ಟೇ. ಯಾವ ವಚನದ್ದು? ಸಾವಿರಕ್ಕೂ ಹೆಚ್ಚು ವಚನಗಳ ಕೊನೆಯಲ್ಲೂ ಅದೇ ಅಂಕಿತ. ಎಂಥ ವಿದ್ವಾಂಸರ ಮುಂದೆ ಇಟ್ಟರೂ ಉತ್ತರವಿಲ್ಲ, ಏಕೆಂದರೆ ಉತ್ತರ ಆ ಚೂರಿನಲ್ಲಿಯೇ ಇಲ್ಲ. ಅಂಕಿತದ ಹಿಂದಿನ ಎರಡು ಸಾಲು, ಮುಂದಿನ ವಚನದ ಎರಡು ಸಾಲು ಕೂಡಿಯೇ ಇರುವ ಉದ್ದನೆಯ ಚೂರು ಸಿಗಬೇಕು.

ನಮ್ಮ ಜೀನೋಮಿನ ಅರ್ಧಕ್ಕೂ ಹೆಚ್ಚು ಭಾಗ ಹೀಗೆ ಅಂಕಿತಗಳಿಂದ ತುಂಬಿದೆ. ‘ಆಲು’ ಎಂಬ, ಸುಮಾರು 300 ಅಕ್ಷರದ ಒಂದು ತುಂಡೇ ಹತ್ತು ಲಕ್ಷಕ್ಕೂ ಹೆಚ್ಚು ಕಡೆ ಇದೆ. ಒಟ್ಟು ಜೀನೋಮಿನ ಹತ್ತರಲ್ಲೊಂದು ಪಾಲು ಅದೇ. ವರ್ಣತಂತುಗಳ ನಡುವಿನ ಸೆಂಟ್ರೋಮಿಯರ್ ಎಂಬ ಸೊಂಟದ ಭಾಗದಲ್ಲಿ 171 ಅಕ್ಷರದ ಪಲ್ಲವಿಯೊಂದು ಲಕ್ಷಗಟ್ಟಲೆ ಅಕ್ಷರಗಳವರೆಗೆ ಬಿಟ್ಟೂಬಿಡದೆ ಬರುತ್ತದೆ. 150 ಅಕ್ಷರದ ತುಣುಕು ಅಲ್ಲಿ ಬಿದ್ದರೆ ಜಾತ್ರೆಯಲ್ಲಿ ಕೈತಪ್ಪಿದ ಕೂಸಿನಂತೆ. 2003ರಲ್ಲಿ ಮಾನವ ಜೀನೋಮ್ ಪೂರ್ತಿಯಾಯಿತು ಎಂದು ಘೋಷಿಸಿದಾಗಲೂ ಸುಮಾರು ಶೇ 8ರಷ್ಟು ಪಠ್ಯ ಖಾಲಿಯೇ ಇತ್ತು. ಆ ಖಾಲಿ ಜಾಗಕ್ಕೆ ಫೈಲಿನಲ್ಲಿ ‘ಎನ್’ ಎಂಬ ಅಕ್ಷರ ತುಂಬುತ್ತಿದ್ದರು. ‘ಯಾವುದೋ ಒಂದು’ ಎಂದು ಅದರರ್ಥ. ಹತ್ತಿರ ಹತ್ತಿರ ಎರಡು ದಶಕ ಪ್ರಪಂಚ ಆ ‘ಎನ್’ಗಳ ಜೊತೆಯೇ ಬಾಳಿತು.

ಬಿಡುಗಡೆ ಬಂದದ್ದು ಉದ್ದನೆಯ ಚೂರುಗಳಿಂದ. ಪ್ಯಾಕ್‌ಬಯೊ ಯಂತ್ರ 15ರಿಂದ 20 ಸಾವಿರ ಅಕ್ಷರಗಳನ್ನು ಸಾವಿರಕ್ಕೊಂದರಷ್ಟೇ ತಪ್ಪಿನಲ್ಲಿ ಓದತೊಡಗಿತು. ಆಕ್ಸ್‌ಫರ್ಡ್ ನ್ಯಾನೊಪೋರ್ ಒಂದು ಲಕ್ಷ ಅಕ್ಷರವನ್ನೂ ದಾಟಿತು, ತಪ್ಪು ಸ್ವಲ್ಪ ಹೆಚ್ಚು. ಒಂದಕ್ಕೆ ಕಣ್ಣು ಚುರುಕು, ಇನ್ನೊಂದಕ್ಕೆ ದೂರದೃಷ್ಟಿ. ಎರಡನ್ನೂ ಬೆರೆಸಿ ಆಡಂ ಫಿಲಿಪ್ಪಿ ಮತ್ತು ಕರೆನ್ ಮೀಗಾ ನೇತೃತ್ವದ ‘ಟಿ2ಟಿ’ ಒಕ್ಕೂಟ 2022ರಲ್ಲಿ 305 ಕೋಟಿ ಚಿಲ್ಲರೆ ಅಕ್ಷರಗಳ, ನಡುವೆ ಒಂದೂ ಬಿರುಕಿಲ್ಲದ ಜೀನೋಮನ್ನು ಪ್ರಕಟಿಸಿತು. ಹೊಸದಾಗಿ ಸೇರಿದ್ದು ಸುಮಾರು 20 ಕೋಟಿ ಅಕ್ಷರ. ಅವರೂ ಒಂದು ಜಾಣತನ ಮಾಡಿದ್ದರು. ಆರಿಸಿಕೊಂಡದ್ದು ತಂದೆಯ ಕಡೆಯ ಪಠ್ಯವೇ ಎರಡು ಪ್ರತಿಯಾಗಿರುವ ಒಂದು ಅಪರೂಪದ ಜೀವಕೋಶದ ಸಂತತಿ; ಹೀಗಾಗಿ ಅಪ್ಪನ ಪಠ್ಯ ಯಾವುದು, ಅಮ್ಮನದು ಯಾವುದು ಎಂದು ಬಿಡಿಸುವ ಜಗಳವೇ ಇರಲಿಲ್ಲ. ಆ ಕೋಶದಲ್ಲಿ ವೈ ವರ್ಣತಂತು ಇರಲಿಲ್ಲ. ಅದು ಮುಗಿದದ್ದು 2023ರಲ್ಲಿ. ಆರು ಕೋಟಿ ಚಿಲ್ಲರೆ ಅಕ್ಷರಗಳಲ್ಲಿ ಅರ್ಧದಷ್ಟು ಮೊದಲ ಸಲ ಕಣ್ಣಿಗೆ ಬಿದ್ದವು.

ಮನುಷ್ಯನೇ ಕಷ್ಟದ ಜೀವಿ ಎಂದುಕೊಂಡರೆ ಅದು ನಮ್ಮ ಜಂಬ. ಚಿಕ್ಕಮಗಳೂರು, ಕೊಡಗಿನ ತೋಟಗಳ ಅರೇಬಿಕಾ ಗಿಡದ ಒಳಗೆ ಹೊಕ್ಕು ನೋಡಿ. ರೊಬಸ್ಟಾ ಮತ್ತು ಯೂಜಿನಾಯ್ಡಿಸ್ ಎಂಬ ಎರಡು ಕಾಫಿ ಜಾತಿಗಳು ಎಂದೋ ಕೂಡಿ ಹುಟ್ಟಿದ್ದು ಅರೇಬಿಕಾ. ರೊಬಸ್ಟಾದಲ್ಲಿ 22 ವರ್ಣತಂತು, ಅರೇಬಿಕಾದಲ್ಲಿ 44. ದಾಯಾದಿಗಳಿಬ್ಬರ ಪಠ್ಯಗಳು ಒಂದೇ ಕಟ್ಟಿನಲ್ಲಿ, ಅದೂ ಒಂದರಂತೆ ಇನ್ನೊಂದು. ಗೋಧಿಯದು ಇನ್ನೂ ದೊಡ್ಡ ಅವಿಭಕ್ತ ಕುಟುಂಬ: ವರ್ಣತಂತುಗಳ ಆರು ಕಂತೆ, 1,600 ಕೋಟಿ ಅಕ್ಷರ, ಅದರ ಒಳ್ಳೆಯ ನಕ್ಷೆ ಸಿಗಲು 2018ರವರೆಗೆ ಕಾಯಬೇಕಾಯಿತು. 2024ರಲ್ಲಿ ಓದಿ ಮುಗಿಸಿದ ದಕ್ಷಿಣ ಅಮೆರಿಕದ ಶ್ವಾಸಕೋಶದ ಮೀನಿನದು 9,100 ಕೋಟಿ, ನಮ್ಮದರ ಮೂವತ್ತರಷ್ಟು. ಆ ಮೀನು ಅಷ್ಟನ್ನೂ ಇಟ್ಟುಕೊಂಡು ಏನು ಮಾಡುತ್ತದೋ, ಹೆಚ್ಚಿನದೆಲ್ಲ ಅಂಕಿತಗಳೇ.

ಬಾಲದಿಂದ ಹುಡುಕುವ ಅಕಾರಾದಿ

ಆಸ್ಪತ್ರೆಗೆ ಬರುವ ಪ್ರತಿಯೊಬ್ಬರ ಜೀನೋಮನ್ನೂ ಸೊನ್ನೆಯಿಂದ ಜೋಡಿಸುವುದಿಲ್ಲ. ಒಂದು ಮೂಲಪ್ರತಿ ಇಟ್ಟುಕೊಂಡು, ರೋಗಿಯ ತುಣುಕುಗಳು ಅದರಲ್ಲಿ ಎಲ್ಲೆಲ್ಲಿ ಕೂರುತ್ತವೆ ಎಂದು ನೋಡುತ್ತಾರೆ. 60 ಕೋಟಿ ತುಣುಕು, 300 ಕೋಟಿ ಅಕ್ಷರದ ಪುಸ್ತಕ. ಎರಡು ಸಾಲುಗಳನ್ನು ಅಕ್ಷರಕ್ಕೆ ಅಕ್ಷರ ಇಟ್ಟು ಹೋಲಿಸುವ ಕರಾರುವಾಕ್ಕಾದ ವಿಧಾನಗಳು 1970 ಮತ್ತು 1981ರಿಂದಲೇ ಇದ್ದವು. ಆದರೆ ಈ ರಾಶಿಯ ಮುಂದೆ ಅವು ಎತ್ತಿನಗಾಡಿ.

ಹಳೆಯ ಕನ್ನಡ ಕಾವ್ಯಗಳ ಮುದ್ರಿತ ಪ್ರತಿಗಳ ಕೊನೆಯಲ್ಲಿ ‘ಪದ್ಯಗಳ ಅಕಾರಾದಿ’ ಎಂಬ ಪಟ್ಟಿ ಇರುತ್ತದೆ. ಪದ್ಯದ ಮೊದಲ ಪದ ಗೊತ್ತಿದ್ದರೆ ಸಾಕು, ಪುಟ ಸಿಗುತ್ತದೆ. ಜೀನೋಮಿಗೂ ಅಂಥದೊಂದು ಮಾಡಬಹುದು. ಆದರೆ ಪದ್ಯ ಎಲ್ಲಿ ಶುರುವಾಗುತ್ತದೆ ಎಂದು ಗೊತ್ತಿಲ್ಲದ್ದರಿಂದ 300 ಕೋಟಿ ಅಕ್ಷರಗಳಲ್ಲಿ ಪ್ರತಿಯೊಂದರಿಂದಲೂ ಶುರುವಾಗುವ ಸಾಲನ್ನು ಅಕಾರಾದಿಯಲ್ಲಿ ಸೇರಿಸಬೇಕು. ಆ ಪಟ್ಟಿಗೇ 12 ಜಿಬಿ. ಪುಸ್ತಕಕ್ಕಿಂತ ಪರಿವಿಡಿ ದಪ್ಪ.

ಇದಕ್ಕೆ ಮದ್ದು ಬಂದದ್ದು ಜೀವವಿಜ್ಞಾನದ ಹಿತ್ತಿಲಿನಿಂದಲ್ಲ. 1994ರಲ್ಲಿ ಮೈಕೇಲ್ ಬರೋಸ್ ಮತ್ತು ಡೇವಿಡ್ ವೀಲರ್ ಫೈಲುಗಳನ್ನು ಹಿಂಡಿ ಚಿಕ್ಕದು ಮಾಡುವ ಹೊಸ ಉಪಾಯವೊಂದನ್ನು ಪ್ರಕಟಿಸಿದ್ದರು. ಪಠ್ಯದ ಅಕ್ಷರಗಳನ್ನು ಒಂದು ಗೊತ್ತಾದ ಕ್ರಮದಲ್ಲಿ ಕಲಕುವುದು. ಕಲಕಿದಾಗ ಒಂದೇ ಬಗೆಯ ಅಕ್ಷರಗಳು ಗುಂಪುಗೂಡುತ್ತವೆ, ಹಿಂಡಲು ಸುಲಭ. ಬೇಕೆಂದಾಗ ಮೂಲವನ್ನು ಮರಳಿ ಪಡೆಯಬಹುದು. ಹಾಗೆ ಹಿಂಡಿದ ಪಠ್ಯವನ್ನು ಬಿಚ್ಚದೆಯೇ ಅದರಲ್ಲಿ ಹುಡುಕಬಹುದು ಎಂದು 2000ದಲ್ಲಿ ಇಟಲಿಯ ಪಾವೊಲೊ ಫೆರಾಜಿನಾ ಮತ್ತು ಜೊವಾನಿ ಮನ್ಜಿನಿ ತೋರಿಸಿದರು. ಹುಡುಕಾಟ ತಲೆಯಿಂದಲ್ಲ, ಬಾಲದಿಂದ. ಕೊನೆಯ ಅಕ್ಷರ ಹಿಡಿದು ಹಿಂದಕ್ಕೆ ನಡೆಯಬೇಕು. ಪುಸ್ತಕ ಎಷ್ಟೇ ದೊಡ್ಡದಿರಲಿ, 150 ಅಕ್ಷರದ ತುಣುಕಿಗೆ 150 ಹೆಜ್ಜೆಯಷ್ಟೇ. 2009ರಲ್ಲಿ ಬೋಟೈ, ಬಿಡಬ್ಲ್ಯುಎ ಎಂಬ ಎರಡು ತಂತ್ರಾಂಶಗಳು ಈ ಉಪಾಯವನ್ನು ಡಿಎನ್‌ಎಗೆ ತಂದವು. ಇಡೀ ಮನುಷ್ಯನ ಅಕಾರಾದಿ ಎರಡು ಜಿಬಿ ಚಿಲ್ಲರೆಗೆ ಇಳಿಯಿತು; ಲ್ಯಾಪ್‌ಟಾಪ್‌ನಲ್ಲಿ ಕೂತುಕೊಂಡಿತು. ಕಳೆದ ಐವತ್ತು ವರ್ಷಗಳ ಜೀವವಿಜ್ಞಾನದಲ್ಲಿ ಇದಕ್ಕಿಂತ ಚೆಲುವಾದ ಸಾಲ ಇನ್ನೊಂದಿಲ್ಲ ಎಂಬುದು ನನ್ನ ಎಣಿಕೆ. ನೊಬೆಲ್ ಸಮಿತಿಗೆ ಇಂಥವು ಕಣ್ಣಿಗೆ ಬೀಳುವುದಿಲ್ಲ.

ಪಾಠಾಂತರಗಳ ಗುಡ್ಡೆ

ಖರ್ಚಿನ ಕಥೆ ನೋಡಿ. 2001ರಲ್ಲಿ ಒಂದು ಮಾನವ ಜೀನೋಮ್ ಓದಲು ಹತ್ತಿರ ಹತ್ತಿರ 10 ಕೋಟಿ ಡಾಲರ್ ಬೇಕಿತ್ತು. 2022ರ ಹೊತ್ತಿಗೆ 500 ಡಾಲರಿನ ಆಸುಪಾಸು. ಈ ಇಳಿಕೆಯ ಹಿಂದೆ ಚೆನ್ನೈನಲ್ಲಿ ಹುಟ್ಟಿದ ಶಂಕರ್ ಬಾಲಸುಬ್ರಮಣಿಯನ್ ಮತ್ತು ಡೇವಿಡ್ ಕ್ಲೆನರ್‌ಮನ್ ಕೇಂಬ್ರಿಜ್‌ನಲ್ಲಿ ಕಂಡುಹಿಡಿದ, ಈಗ ಇಲ್ಯೂಮಿನಾ ಯಂತ್ರಗಳಲ್ಲಿರುವ ವಿಧಾನದ ಪಾಲು ದೊಡ್ಡದು. ಕಂಪ್ಯೂಟರ್ ಚಿಪ್‌ಗಳು ಅಗ್ಗವಾಗುವ ವೇಗವೇ ದಂತಕಥೆ ಎನ್ನುತ್ತಿದ್ದೆವು. 2008ರಿಂದ ಈಚೆಗೆ ಡಿಎನ್‌ಎ ಓದು ಅದನ್ನೂ ಹಿಂದೆ ಹಾಕಿತು. ಅಂದರೆ ಏನಾಯಿತು? ಅಕ್ಷರ ಉತ್ಪಾದಿಸುವ ಯಂತ್ರ ಕುದುರೆಯಾಯಿತು, ಅಕ್ಷರ ಅರಗಿಸುವ ಯಂತ್ರ ಹಿಂದೆ ಬಿತ್ತು. 2010ರಲ್ಲೇ ಅಮೆರಿಕದ ಜೀನೋಮ್ ವಿಜ್ಞಾನಿ ಎಲೇನ್ ಮಾರ್ಡಿಸ್ ತಮ್ಮ ಲೇಖನವೊಂದರ ತಲೆಬರಹದಲ್ಲೇ ಕೇಳಿದ್ದರು: ಜೀನೋಮ್ ಸಾವಿರ ಡಾಲರಿಗೆ, ವಿಶ್ಲೇಷಣೆ ಲಕ್ಷ ಡಾಲರಿಗೆ?

ವಿಶ್ಲೇಷಣೆ ಎಂದರೆ ಗ್ರಂಥಸಂಪಾದನೆಯೇ. ಮೂಲಪ್ರತಿಗೂ ನಿಮ್ಮ ಪ್ರತಿಗೂ ಇರುವ ಪಾಠಾಂತರಗಳು 40ರಿಂದ 50 ಲಕ್ಷ. ಇದರಲ್ಲಿ ಯಾವುದು ಯಂತ್ರದ ಕೈತಪ್ಪು, ಯಾವುದು ನಿಜ? ನಿಜವಾದದ್ದರಲ್ಲಿ ಯಾವುದು ನಿರುಪದ್ರವಿ, ಯಾವುದು ಕಾಯಿಲೆಯ ಬೇರು? ಗೂಗಲ್‌ನವರು 2018ರಲ್ಲಿ ಪ್ರಕಟಿಸಿದ ಡೀಪ್‌ವೇರಿಯಂಟ್ ಒಂದು ತಮಾಷೆಯ ದಾರಿ ಹಿಡಿಯಿತು: ಒಂದೇ ಜಾಗದ ಮೇಲೆ ಬಿದ್ದ ತುಣುಕುಗಳ ಗುಡ್ಡೆಯನ್ನು ಚಿತ್ರವಾಗಿ ಮಾಡಿ, ಬೆಕ್ಕು ನಾಯಿಗಳ ಫೋಟೋ ಗುರುತಿಸುವಂಥ ನರಜಾಲಕ್ಕೆ ತೋರಿಸುವುದು. 2023ರಲ್ಲಿ ಬಂದ ಆಲ್ಫಾಮಿಸೆನ್ಸ್ ಮನುಷ್ಯನ ಪ್ರೊಟೀನುಗಳಲ್ಲಿ ಒಂದಕ್ಷರದ ಬದಲಾವಣೆಯಿಂದ ಆಗಬಹುದಾದ 7.1 ಕೋಟಿ ರೂಪಾಂತರಗಳನ್ನು ಮುಂದಿಟ್ಟುಕೊಂಡು ಶೇ 89ರಷ್ಟಕ್ಕೆ ‘ಅಪಾಯ’ ಇಲ್ಲವೇ ‘ನಿರಪಾಯ’ ಎಂಬ ಚೀಟಿ ಅಂಟಿಸಿತು. ಚೀಟಿಯೇನೋ ಸರಿ. ವೈದ್ಯರು ಅದನ್ನೇ ತೀರ್ಪು ಎಂದು ಓದಬಾರದು.

ವೇಗದ ಮಾತಿಗೆ ಬಂದರೆ ಸ್ಟ್ಯಾನ್‌ಫರ್ಡ್‌ನ ಕಥೆ ಹೇಳಲೇಬೇಕು. ತೀವ್ರ ನಿಗಾ ಘಟಕದಲ್ಲಿರುವ ರೋಗಿಗೆ ವಾರಗಳ ಕಾಲ ಕಾಯುವ ಭಾಗ್ಯವಿರುವುದಿಲ್ಲ. ಯೂಆನ್ ಆ್ಯಶ್ಲೆ ಅವರ ತಂಡ ನ್ಯಾನೊಪೋರಿನ 48 ಫ್ಲೋ ಸೆಲ್‌ಗಳನ್ನು (ಡಿಎನ್‌ಎ ಓದುವ ಚಿಪ್‌ಗಳನ್ನು) ಒಬ್ಬನೇ ರೋಗಿಗೆ ಒಮ್ಮೆಲೇ ಹಚ್ಚಿತು. ನ್ಯಾನೊಪೋರ್ ನೇರವಾಗಿ ಅಕ್ಷರ ಕೊಡುವುದಿಲ್ಲ. ಸೂಜಿಮೊನೆಗಿಂತ ಎಷ್ಟೋ ಸಣ್ಣ ರಂಧ್ರದಲ್ಲಿ ಡಿಎನ್‌ಎ ಎಳೆ ಸೆಕೆಂಡಿಗೆ 400 ಅಕ್ಷರದ ಆಸುಪಾಸು ನುಸುಳುವಾಗ ವಿದ್ಯುತ್ ಪ್ರವಾಹ ನಡುಗುತ್ತದೆ. ಆ ನಡುಕದ ಗೆರೆಯನ್ನು ನರಜಾಲವೊಂದು ಅಕ್ಷರವಾಗಿ ಬಿಡಿಸಬೇಕು. ಅದಕ್ಕೆ ವಿಡಿಯೊ ಗೇಮಿನ ಲೋಕದಿಂದ ಬಂದ ಜಿಪಿಯು ಚಿಪ್‌ಗಳೇ ಬೇಕು. 48 ನಲ್ಲಿ ಒಟ್ಟಿಗೆ ತಿರುಗಿಸಿದಾಗ ಪ್ರಯೋಗಾಲಯದ ಕಂಪ್ಯೂಟರುಗಳು ಕೊಚ್ಚಿಹೋದವು. ಬಾಂಬೆ ಐಐಟಿಯಲ್ಲಿ ಓದಿ ಸ್ಟ್ಯಾನ್‌ಫರ್ಡ್‌ನಲ್ಲಿ ಪಿಎಚ್‌.ಡಿ ಮಾಡುತ್ತಿದ್ದ ಸ್ನೇಹಾ ಗೋಯೆಂಕಾ, ಓದು ನಡೆಯುತ್ತಿರುವಾಗಲೇ ಮಾಹಿತಿಯನ್ನು ನೇರ ಕ್ಲೌಡಿಗೆ ಹರಿಸಿ, ಅಲ್ಲಿ ಹಲವು ಜಿಪಿಯುಗಳಿಗೆ ಹಂಚುವ ಕಾಲುವೆ ತೋಡಿದರು. ರಕ್ತ ತೆಗೆದು 7 ಗಂಟೆ 18 ನಿಮಿಷದಲ್ಲಿ ರೋಗದ ಮೂಲ ಗೊತ್ತಾದದ್ದು ಆ ಪ್ರಯೋಗದ ಅತಿ ಕಡಿಮೆ ಸಮಯ. 2022ರ ಜನವರಿಯಲ್ಲಿ ಪ್ರಕಟವಾದ ಆ ವರದಿಯಲ್ಲಿ 12 ರೋಗಿಗಳಿದ್ದರು. ಐವರಿಗೆ ಉತ್ತರ ಸಿಕ್ಕಿತು. ಉಳಿದ ಏಳು ಜನರಿಗೆ ವೇಗ ಇತ್ತು, ಅರ್ಥ ಸಿಗಲಿಲ್ಲ.

ಯಾರ ಮೂಲಪ್ರತಿ?

ಮೂಲಪ್ರತಿ ಎಂದೆ. ಯಾರದು ಅದು? 1997ರಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೋ ಊರಿನ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ರಕ್ತದಾನಿಗಳನ್ನು ಕರೆದಿದ್ದರು. ಪ್ರಪಂಚದಾದ್ಯಂತ ಬಳಕೆಯಲ್ಲಿರುವ ರೆಫರೆನ್ಸ್ ಜೀನೋಮಿನ ಸುಮಾರು ಶೇ 70 ಭಾಗ ಅಲ್ಲಿಯ ಒಬ್ಬನೇ ಅನಾಮಿಕ ವ್ಯಕ್ತಿಯದು. ಬೀದರಿನ ಅಜ್ಜಿಯ ಡಿಎನ್‌ಎಯಲ್ಲಿ ‘ವ್ಯತ್ಯಾಸ’ ಇದೆ ಎಂದು ವರದಿ ಬಂದರೆ ಅದು ಬಫಲೋ ಊರಿನ ಆ ಮನುಷ್ಯನಿಂದ ವ್ಯತ್ಯಾಸ. ಅವನಲ್ಲಿ ಇಲ್ಲದ, ಅಜ್ಜಿಯಲ್ಲಿರುವ ಪಠ್ಯದ ತುಣುಕುಗಳಿಗೆ ಕೂರಲು ಜಾಗವೇ ಇಲ್ಲ; ತಂತ್ರಾಂಶ ಅವನ್ನು ಕಸ ಎಂದು ಬದಿಗೆ ತಳ್ಳುತ್ತದೆ.

2023ರಲ್ಲಿ 47 ಜನರ ಪಠ್ಯಗಳನ್ನು ಹೆಣೆದ ‘ಪ್ಯಾನ್‌ಜೀನೋಮ್’ ಕರಡು ಬಂತು. ಹಳೆಯ ಪ್ರತಿಯಲ್ಲಿ ಇಲ್ಲದ 11.9 ಕೋಟಿ ಅಕ್ಷರ ಅದರಲ್ಲಿದೆ. ಇದು ನೇರ ಸಾಲಲ್ಲ. ಕವಲೊಡೆದು ಮತ್ತೆ ಕೂಡುವ ಹೊಳೆ. ಅಕಾರಾದಿ, ಬಾಲದ ಹುಡುಕಾಟ, ‘ಇಷ್ಟನೆಯ ಅಕ್ಷರ’ ಎಂಬ ವಿಳಾಸ, ಎಲ್ಲವೂ ನೇರ ಸಾಲಿಗೆಂದು ಕಟ್ಟಿದ್ದವು. ಹೊಳೆಗೆ ಅವನ್ನೆಲ್ಲ ಹೊಸದಾಗಿ ಕಟ್ಟಬೇಕು. ನಾಳಿನ ಕಂಪ್ಯೂಟರ್ ವಿಜ್ಞಾನದ ಹುಡುಗ ಹುಡುಗಿಯರಿಗೆ ಕೆಲಸ ಇರುವುದು ಇಲ್ಲಿ.

‘ಯಾರ ಮೂಲಪ್ರತಿ’ ಎಂಬುದು ನಮ್ಮ ದೇಶಕ್ಕೆ ಬರೀ ತಾತ್ವಿಕ ತಕರಾರಲ್ಲ. ತಲೆಮಾರುಗಳಿಂದ ಒಳಗೊಳಗೇ ಮದುವೆಯಾಗುತ್ತ ಬಂದ ಸಮುದಾಯಗಳಲ್ಲಿ ಹೊರಗೆ ಅಪರೂಪವಾದ ಪಾಠಾಂತರ ಸಾಮಾನ್ಯವಾಗಿಬಿಟ್ಟಿರುತ್ತದೆ. ಆರ್ಯವೈಶ್ಯರಲ್ಲಿ ಕೆಲವರಿಗೆ ಶಸ್ತ್ರಚಿಕಿತ್ಸೆಯಲ್ಲಿ ಸ್ನಾಯು ಸಡಿಲಿಸಲು ಕೊಡುವ ಸಕ್ಸಿನೈಲ್‌ಕೋಲಿನ್ ಪರಿಣಾಮ ಬೇಗ ಇಳಿಯುವುದಿಲ್ಲ, ಸ್ವಂತ ಉಸಿರಾಟ ಮರಳುವುದು ತಡವಾಗುತ್ತದೆ. ಕಾರಣ ಒಂದು ಜೀನಿನ ಬದಲಾವಣೆ. ಬಫಲೋ ಪ್ರತಿಯನ್ನು ಎಷ್ಟು ತಿರುವಿದರೂ ಇಂಥವು ಕಾಣುವುದಿಲ್ಲ.

2020ರಲ್ಲಿ ಶುರುವಾದ ಜೀನೋಮ್ ಇಂಡಿಯಾ ಯೋಜನೆ ಇದಕ್ಕಾಗಿಯೇ. ಇಪ್ಪತ್ತು ಸಂಸ್ಥೆಗಳ ಈ ಬಳಗವನ್ನು ನಡೆಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೈನ್ ರಿಸರ್ಚ್. ಚುಕ್ಕಾಣಿ ಹಿಡಿದ ಇಬ್ಬರಲ್ಲಿ ಹೈದರಾಬಾದಿನ ಕೆ. ತಂಗರಾಜ್ ಜೀವವಿಜ್ಞಾನಿ, ಭಾರತೀಯ ವಿಜ್ಞಾನ ಸಂಸ್ಥೆಯ ವೈ. ನರಹರಿ ಕಂಪ್ಯೂಟರ್ ವಿಜ್ಞಾನಿ. ಆ ಜೋಡಿಯೇ ಕೆಲಸದ ಸ್ವರೂಪ ಹೇಳುತ್ತದೆ. ಈ ನಂಟು ಬೆಂಗಳೂರಿಗೆ ಹೊಸದೂ ಅಲ್ಲ: ಸಿಂಪ್ಯೂಟರ್ ಎಂಬ ಅಗ್ಗದ ಕೈಗಣಕ ಕಟ್ಟಿದ ಬಳಗದ ವಿಜಯ್ ಚಂದ್ರು, ರಮೇಶ್ ಹರಿಹರನ್, ಸ್ವಾಮಿ ಮನೋಹರ್, ವಿ. ವಿನಯ್ ಅವರೇ 2000ದಲ್ಲಿ ಸ್ಟ್ರ್ಯಾಂಡ್ ಕಂಪನಿ ಶುರುಮಾಡಿ ಜೀವವಿಜ್ಞಾನಕ್ಕೆ ತಂತ್ರಾಂಶ ಬರೆಯತೊಡಗಿದ್ದರು.

80ಕ್ಕೂ ಹೆಚ್ಚು ಸಮುದಾಯಗಳ ಸುಮಾರು 10 ಸಾವಿರ ಜನರ ಜೀನೋಮ್ ಓದಿ ಮುಗಿಯಿತೆಂದು 2024ರ ಫೆಬ್ರುವರಿಯಲ್ಲಿ ಘೋಷಣೆಯಾಯಿತು. 18 ಕೋಟಿ ಪಾಠಾಂತರಗಳು ಸಿಕ್ಕಿವೆ. 2025ರ ಜನವರಿ 9ರಿಂದ ಮಾಹಿತಿ ಫರೀದಾಬಾದಿನ ಇಂಡಿಯನ್ ಬಯಲಾಜಿಕಲ್ ಡೇಟಾ ಸೆಂಟರಿನಲ್ಲಿ ಸಂಶೋಧಕರಿಗೆ ಲಭ್ಯ. ಗಾತ್ರ 8 ಪೆಟಾಬೈಟ್. 80 ಲಕ್ಷ ಜಿಬಿ. 128 ಜಿಬಿಯ ಮೊಬೈಲುಗಳಲ್ಲಿ ತುಂಬಿದರೆ 62,500 ಮೊಬೈಲು. ಮನೆಗೆ ಬರುವ 100 ಎಂಬಿಪಿಎಸ್ ಇಂಟರ್ನೆಟ್ಟಿನಲ್ಲಿ ಇಳಿಸಿಕೊಳ್ಳಹೊರಟರೆ 20 ವರ್ಷ. ಚೀನಾದ ಬಿಜಿಐ ಒಂದು ಕಾಲದಲ್ಲಿ ಹಾರ್ಡ್‌ಡಿಸ್ಕುಗಳನ್ನು ಕೊರಿಯರಿನಲ್ಲಿ ಕಳಿಸುತ್ತಿತ್ತು; ನಗಬೇಡಿ, ಅದೇ ವೇಗದ ದಾರಿಯಾಗಿತ್ತು. ಈಗ ಮಾಹಿತಿಯನ್ನು ಕಂಪ್ಯೂಟರಿನ ಬಳಿ ಒಯ್ಯುವ ಬದಲು ತಂತ್ರಾಂಶವನ್ನೇ ಮಾಹಿತಿಯ ಬಳಿ ಕಳಿಸುವುದು ರೂಢಿಯಾಗುತ್ತಿದೆ. ಗುಟ್ಟು ಕಾಯಲೂ ಅದೇ ಮೇಲು. ಹೆಸರು ಅಳಿಸಿಟ್ಟ ಜೀನೋಮುಗಳಿಂದಲೇ, ವಂಶಾವಳಿಯ ಜಾಲತಾಣಗಳನ್ನು ತಾಳೆ ನೋಡಿ, ಸುಮಾರು 50 ಜನರ ಗುರುತು ಪತ್ತೆ ಮಾಡಬಹುದೆಂದು 2013ರಲ್ಲೇ ಅಮೆರಿಕದ ಸಂಶೋಧಕರು ತೋರಿಸಿಕೊಟ್ಟಿದ್ದರು. ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು, ಡಿಎನ್‌ಎ ಬದಲಿಸಲಾಗದು.

ಕೊನೆಗೆ ಓದುಗರಿಗೊಂದು ಕಿವಿಮಾತು. ನಿಮ್ಮ ಮನೆಯಲ್ಲಿ ಯಾರಿಗಾದರೂ ವೈದ್ಯರು ಜೀನೋಮ್ ಪರೀಕ್ಷೆ ಬರೆದುಕೊಟ್ಟರೆ, ನಾಲ್ಕು ಪುಟದ ವರದಿಯಷ್ಟನ್ನೇ ಹಿಡಿದುಕೊಂಡು ಮನೆಗೆ ಬರಬೇಡಿ. ‘ಏನೂ ಸಿಗಲಿಲ್ಲ’ ಎಂದರೆ ಇವತ್ತಿನ ಮೂಲಪ್ರತಿಯಲ್ಲಿ, ಇವತ್ತಿನ ತಂತ್ರಾಂಶಕ್ಕೆ ಸಿಗಲಿಲ್ಲ ಎಂದಷ್ಟೇ ಅರ್ಥ. ಅದೇ ತುಣುಕುಗಳನ್ನು ಎರಡು ಮೂರು ವರ್ಷ ಬಿಟ್ಟು ಮತ್ತೆ ಜೋಡಿಸಿ ನೋಡಿದಾಗ ಉತ್ತರ ಸಿಕ್ಕ ಮಕ್ಕಳಿದ್ದಾರೆ. ಆದ್ದರಿಂದ ಫಾಸ್ಟ್‌ಕ್ಯೂ ಅಥವಾ ಬ್ಯಾಮ್ ಎಂಬ ಹೆಸರಿನ ಕಚ್ಚಾ ಫೈಲನ್ನು ಕೇಳಿ ಪಡೆದುಕೊಳ್ಳಿ. ಚಿಕ್ಕ ಪೆನ್‌ಡ್ರೈವ್ ಸಾಲದು, ನೂರಿನ್ನೂರು ಜಿಬಿ ಜಾಗವಿರುವ ಹಾರ್ಡ್‌ಡಿಸ್ಕೊಂದನ್ನು ಜೊತೆಗೆ ಒಯ್ಯಿರಿ.